ಭೂಮಿ ನಡುಗಿದರೆ ಹೊರಗೆ, ಆನೆ ಬಂದರೆ ಒಳಗೆ

ನಮ್ಮನೆಯವರು ಕಾಳುಮೆಣಸಿನ ಏಣಿಯಿಂದ ಬಿದ್ದದ್ದು ಬೇಸಿಗೆಯಲ್ಲಿ. ಭೂಮಿ ಒಳಗಿನಿಂದ ಗುಡುಗತೊಡಗಿದ್ದು ಅದೇ ವರ್ಷದ ಮಳೆಗಾಲದಲ್ಲಿ. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಆದರೆ ಒಂದು ಕಷ್ಟ ಮನೆಯೊಳಗೆ ಬಂದು ಚಾಪೆ ಹಾಸಿಕೊಂಡ ಮೇಲೆ ಎರಡನೆಯದು ಬಾಗಿಲನ್ನೂ ತಟ್ಟುವುದಿಲ್ಲ, ನೋಡಿ.

ಅವರು ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕೊಯ್ಲಿನ ಲೆಕ್ಕ ಬರೆಯುವ ಕೆಲಸ. ಏಣಿ ಹತ್ತುವುದು ಅವರ ಕೆಲಸವೇ ಅಲ್ಲ. ಮೆಣಸು ಕೊಯ್ಯುವವನು ತುದಿಯ ಗೊಂಚಲು ಬಿಟ್ಟುಬಂದ ಎಂದು ಬೈದು, 'ತಾಳು, ನಾನು ತೋರಿಸ್ತೇನೆ' ಎಂದು ತಾವೇ ಹತ್ತಿದರಂತೆ. ತೋರಿಸಿದರು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಬುಡದಲ್ಲಿ ಬೆನ್ನಡಿಯಾಗಿ ಬಿದ್ದವರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಕೈಗಳಿಗೆ ಒಳ್ಳೆಯ ಬಲ ಇದೆ, ನೆಲಕ್ಕೆ ಅಂಗೈ ಊರಿ ಕೂತಲ್ಲಿಂದ ಸರಿಯುವುದನ್ನು ಕಲಿಯಬೇಕು ಎಂದು ವ್ಯಾಯಾಮ ಹೇಳಿಕೊಡುವಾಕೆ ಮತ್ತೆ ಮತ್ತೆ ಹೇಳಿದಳು. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಳುಗಳೆಲ್ಲ ನಿಂತು ಮಾತಾಡಿಸುತ್ತಿದ್ದ ಮನುಷ್ಯ ಆಳುಗಳ ಎದುರು ನೆಲದಲ್ಲಿ ತೆವಳುವುದಿಲ್ಲವಂತೆ. ನಾನು ಎತ್ತಿದರೆ ಎದ್ದರು, ಇಳಿಸಿದರೆ ಇಳಿದರು.

ಸಾಹುಕಾರ್ರು ಒಳ್ಳೆಯವರು. ರೈಟರ್ ಕ್ವಾರ್ಟರ್ಸ್ ಬಿಡಿ ಎನ್ನಲಿಲ್ಲ. ಮಂಚದಲ್ಲೇ ಕೂತು ಕಂಪ್ಯೂಟರಿನಲ್ಲಿ ಲೆಕ್ಕ ನೋಡಿಕೊಳ್ಳಿ ಎಂದರು. ಒಳ್ಳೆಯತನಕ್ಕೂ ಒಂದು ಹಗ್ಗ ಇರುತ್ತದೆ, ಅದು ಗೊತ್ತಾಗುವುದು ಎದ್ದು ಹೋಗಬೇಕು ಅನ್ನಿಸಿದಾಗ. ಆ ಮನೆ ಇರುವುದು ಗುಡ್ಡ ಕಡಿದ ಜಾಗದಲ್ಲಿ. ಹಿಂದಿನ ಗೋಡೆಗೆ ಒಂದಾಳು ದೂರದಲ್ಲಿ ಮಾಡಿನ ಹೆಂಚಿಗಿಂತ ಎತ್ತರದ ಧರೆ, ಕಡಿದು ಬಿಟ್ಟ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಆ ಕಡಿದ ಮಣ್ಣು ಬೆವರಿದ ಹಾಗೆ ನೀರು ಬಿಡುತ್ತದೆ. ಕೊಟ್ಟಿಗೆಹಾರದಿಂದ ಕೆಳಗಿನ ರಸ್ತೆಯಲ್ಲಿ ಪ್ರತಿ ವರ್ಷ ಧರೆ ಕುಸಿಯುವುದನ್ನು ನೋಡಿಯೇ ನಾವು ಬೆಳೆದವರು. ಸರಿ, ಮಳೆ ಹಿಡಿಯುವ ಮೊದಲೇ ಅವರ ಮಂಚವನ್ನು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ತಂದು ಹಾಕಿದೆ. ಅಷ್ಟಕ್ಕೆ ನನ್ನ ಧೈರ್ಯ ಮುಗಿಯಿತು.

ಆಮೇಲೆ ಶುರುವಾಯಿತು ಸದ್ದು. ದೂರದಲ್ಲೆಲ್ಲೋ ಬಂಡೆಗೆ ಮದ್ದಿಟ್ಟ ಹಾಗೆ, ಆದರೆ ಕಾಲ ಕೆಳಗಿನಿಂದ. ಕಪಾಟಿನ ಲೋಟಗಳು ಕಿಣಿಕಿಣಿ ಎಂದವು. ಕೆಳಗೆ ಆಳುಗಳ ಲೈನ್ ಮನೆಗಳವರೆಲ್ಲ ಅಂಗಳಕ್ಕೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುವಾರ ಜೀಪಿನಲ್ಲಿ ಅಧಿಕಾರಿಗಳು ಬಂದು, ಮಳೆನೀರು ಬಂಡೆಯ ಬಿರುಕಿಗೆ ಇಳಿದರೆ ಹೀಗೆ ಸದ್ದಾಗುತ್ತದೆ, ಸಣ್ಣ ಕಂಪನ, ಹೆದರಬೇಡಿ, ಆದರೂ ಎಚ್ಚರಿಕೆಯಿಂದಿರಿ ಎಂದು ಹೇಳಿ ಹೋದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಎಚ್ಚರಿಕೆಯಿಂದ ಇರುವುದು ಎಂದರೆ ಹೇಗೆ ಸ್ವಾಮಿ? ಎರಡು ಕಾಲಿದ್ದವರು ಹೊರಗೆ ಓಡಬಹುದು. ಓಡಲಾರದವರು ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಇವರು ಮಂಚದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರಲ್ಲ.

ಓಡುವುದೂ ಸುಲಭವೇನಲ್ಲ. ನಮ್ಮ ಕಡೆ ಸಂಜೆಯಾದರೆ ಹೊರಗೆ ಆನೆ. ಈಗ ಹಗಲಲ್ಲೂ. ಬೆಳಗಾದರೆ ಮೊಬೈಲಿಗೆ ಸಂದೇಶ ಬರುತ್ತದೆ, ಇಂಥ ಎಸ್ಟೇಟಿನಲ್ಲಿ ಒಂಟಿ ಸಲಗ, ಇಂಥ ಕಡೆ ಮರಿಯ ಜೊತೆ ಹಿಂಡು, ಆಳುಗಳನ್ನು ಕಳಿಸಬೇಡಿ ಎಂದು. ಸಂದೇಶ ಬಂದರೆ, ಇಲ್ಲ ಯಾರಾದರೂ ಕೂಗು ಹಾಕಿದರೆ, ಒಳಗೆ ಹೋಗಿ ಚಿಲಕ ಹಾಕಿ, ಮಕ್ಕಳಿದ್ದವರು ಮಕ್ಕಳ ಬಾಯಿ ಮುಚ್ಚಿಸಿ, ಸುಮ್ಮನೆ ಕೂರಬೇಕು. ಅತ್ತ ದರಿ ಇತ್ತ ಪುಲಿ ಎಂದು ಹಿಂದಿನವರು ಹೇಳಿದ್ದು ಎಲ್ಲಿ ಕೂತೋ ಏನೋ. ನಮಗೆ ಅತ್ತ ಧರೆ, ಇತ್ತ ಆನೆ.

ನಾನು ಮದುವೆಗೆ ಮೊದಲು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಇವರು ಬೀಳುವವರೆಗೂ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದೆ. ಬೆಳಗ್ಗೆ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಸಂಜೆ ಕೈಗೆಲ್ಲ ಬೆಸುಗೆಯ ಸೀಸದ ವಾಸನೆ ಹತ್ತಿಸಿಕೊಂಡು ಬರುವುದು ನನಗೆ ಬಹಳ ಇಷ್ಟವಾಗಿತ್ತು. ಆ ಕೆಲಸ ಬಿಟ್ಟದ್ದಕ್ಕೆ ಅತ್ತಿದ್ದೀಯಾ ಎಂದರೆ, ಹೌದು, ಅತ್ತಿದ್ದೇನೆ. ಮಳೆ ಶುರುವಾದಾಗ ಅಂಗಡಿಯವರು ಫೋನ್ ಮಾಡಿದರು, ನಿಮ್ಮ ಜಾಗ ಇನ್ನೂ ಖಾಲಿ ಇದೆ, ಯಾವಾಗ ಬರ್ತೀರಿ ಎಂದು. ಭೂಮಿ ಸದ್ದು ಮಾಡುತ್ತಿರುವಾಗ ಇವರನ್ನು ಒಂಟಿಯಾಗಿ ಬಿಟ್ಟು ಹೇಗೆ ಹೋಗಲಿ? ಯೋಚಿಸಿ ಹೇಳ್ತೇನೆ ಎಂದೆ. ಅಲ್ಲೇ ಯೋಚನೆಯೂ ಬಂತು. ನಡುಕ ಶುರುವಾದ ತಕ್ಷಣ ಕೂಗುವ ಒಂದು ಯಂತ್ರ ಇದ್ದರೆ!

ಕಿಟಕಿಯ ಸರಳಿಗೆ ಮೊಬೈಲ್ ಒತ್ತಿ ಹಿಡಿದರೆ ಒಂದು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ. ಹಾಗೆ ನಿಂತು ನಿಂತು ವಿಡಿಯೋ ನೋಡಿದೆ. ಎಲ್ಲೆಲ್ಲಿಯ ಜನವೋ, ಹವ್ಯಾಸಕ್ಕಾಗಿ ಮನೆಯಲ್ಲೇ ಭೂಕಂಪದ ಯಂತ್ರ ಮಾಡಿದ್ದರು. ಒಬ್ಬ ಹಳೆಯ ಸ್ಪೀಕರಿಗೆ ಭಾರ ಅಂಟಿಸಿ ಮಾಡಿದ್ದ. ಇನ್ನೊಬ್ಬ ಸ್ಪ್ರಿಂಗಿಗೆ ಅಯಸ್ಕಾಂತ ತೂಗುಹಾಕಿದ್ದ. ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ಮೊಬೈಲನ್ನು ಅಡ್ಡ ತಿರುಗಿಸಿದರೆ ಚಿತ್ರವೂ ತಿರುಗುತ್ತದಲ್ಲ, ಅದು ಅಲುಗಾಟ ತಿಳಿಯುವ ಒಂದು ಪುಟಾಣಿ ಎಲೆಕ್ಟ್ರಾನಿಕ್ ಚಿಪ್‌ನಿಂದ. ಅಂಥ ಒಂದು ಚಿಪ್, ಅದು ಹೇಳಿದ್ದನ್ನು ಓದುವ ಒಂದು ಸಣ್ಣ ಬೋರ್ಡು, ಹಳೆಯ ಯುಪಿಎಸ್ಸಿನ ಬ್ಯಾಟರಿ, ಒಂದು ಬಜರ್. ಎಲ್ಲವನ್ನೂ ಉಪ್ಪಿನಕಾಯಿ ಡಬ್ಬಿಯೊಳಗೆ ಕೂರಿಸಿದೆ. ಡಬ್ಬಿ ಎಷ್ಟು ತೊಳೆದರೂ ಮಾವಿನಮಿಡಿಯ ವಾಸನೆ ಹೋಗಲಿಲ್ಲ.

ಇದು ಭವಿಷ್ಯ ಹೇಳುವ ಯಂತ್ರವಲ್ಲ. ಭೂಮಿ ಮೊದಲು ಸಣ್ಣದಾಗಿ ಕೆಮ್ಮಿ ಆಮೇಲೆ ಜೋರಾಗಿ ನಡುಗುತ್ತದೆ. ಆ ಕೆಮ್ಮಿಗೂ ನಡುಕಕ್ಕೂ ನಡುವಿನ ಸಮಯವೇ ನನಗೆ ಸಿಗುವುದು. ಕಂಪನ ಕಾಲಬುಡದಲ್ಲೇ ಹುಟ್ಟಿದರೆ ಅದೂ ಇಲ್ಲ. ಇದೆಲ್ಲ ಗೊತ್ತಿದ್ದೂ ಮಾಡಿದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರಲ್ಲ.

ಮೊದಲು ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟೆ. ಜೀಪು ಬಂದರೆ ಕೂಗಿತು. ಮಿಕ್ಸಿ ಹಾಕಿದರೆ ಕೂಗಿತು. ಬೆಕ್ಕು ಹಾರಿದರೂ ಕೂಗಿತು. ಇವರು ಮಂಚದಿಂದ, 'ಈಗೇನು, ಸೊಳ್ಳೆ ಕೂತ್ತಾ?' ಎಂದು ಕೇಳುವರು. ಉಗ್ರಾಣದ ಮೂಲೆಯಲ್ಲಿ ನೆಲದಿಂದ ಮೇಲೆದ್ದ ಒಂದು ಬಂಡೆ ಇದೆ. ಮನೆ ಕಟ್ಟಿದವರಿಗೆ ಒಡೆಯಲಾಗದೆ ಹಾಗೇ ಬಿಟ್ಟದ್ದು. ಚಿಪ್ ಅನ್ನು ಅದರ ಮೇಲೆ ಸಿಮೆಂಟಿನಲ್ಲಿ ಕೂರಿಸಿದೆ. ಆಮೇಲೂ ಒಂದೇ ಡಬ್ಬಿಯ ಮಾತು ನಂಬುವ ಹಾಗಿರಲಿಲ್ಲ. ಕೆಳಗಿನ ಲೈನಿನಲ್ಲಿ ಆಳುಗಳ ಮೇಸ್ತ್ರಿಯ ಮನೆಯೊಳಗೆ ಇನ್ನೊಂದನ್ನಿಟ್ಟು, ಕಾಫಿಗಿಡಗಳ ನಡುವೆ ಹಳೆಯ ಟಿವಿ ಕೇಬಲ್ ಎಳೆದು ಎರಡನ್ನೂ ಸೇರಿಸಿದೆ. ಎರಡೂ ಡಬ್ಬಿ ಸಾಕ್ಷಿ ಹೇಳಿದರೆ ಮಾತ್ರ ಬಜರ್ ಕೂಗಬೇಕು. ಒಮ್ಮೆ ಕೂಗಿದರೆ ನಮ್ಮ ಮನೆಯ ಗುಂಡಿ ಒತ್ತುವವರೆಗೆ ನಿಲ್ಲಬಾರದು. ಲೈನಿನ ನಾಲ್ಕು ಮನೆಗಳಿಗೂ ಒಂದೊಂದು ಬಜರ್ ಹಾಕಿಕೊಟ್ಟೆ. ಮೇಸ್ತ್ರಿಯ ಹೆಂಡತಿ ಅದಕ್ಕೆ ಕುಂಕುಮ ಇಟ್ಟಳು.

ಇನ್ನು ನಮ್ಮ ಅಭ್ಯಾಸ. ಮಂಚದ ಪಕ್ಕ ಕಂಬಳಿ ಹಾಸಿ, ಇವರನ್ನು ತೋಳಿನಡಿ ಹಿಡಿದು ಇಳಿಸಿ, ಕಂಬಳಿ ಸಮೇತ ಹೊಸ್ತಿಲು ದಾಟಿಸಿ ಅಂಗಳಕ್ಕೆ ಎಳೆಯುವುದು. ನನ್ನ ಸೊಂಟ ಹಿಡಿದುಕೊಂಡಿತು, ಆದರೆ ಆಗುತ್ತಿತ್ತು. ಎರಡು ಸಲ ಮಾಡಿದ ಮೇಲೆ ಇವರು ಬೇಡ ಎಂದರು. ಹೆಣ ಎಳೆದ ಹಾಗೆ ಎಳೆಯಬೇಡ, ಅದು ಕೂಗಿದರೆ ನೀನು ಹೊರಗೆ ಹೋಗು, ನನ್ನ ಚಿಂತೆ ಬಿಡು ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಯಾರಿಗೋಸ್ಕರ ಈ ತಂತಿ ಎಳೆಯುತ್ತಾ ಕೂತಿದ್ದು, ಊರಿಗೆ ಉಪಕಾರ ಮಾಡಲಿಕ್ಕಾ ಎಂದೆ.

ಮಳೆಯ ನಡುವೆ ಅಂಗಡಿಯವರು ಮತ್ತೆ ಫೋನ್ ಮಾಡಿದರು. ಆಗುವುದಿಲ್ಲ ಎಂದೆ. ಇವರು ಕೇಳಿಸಿಕೊಂಡರು. ಯಂತ್ರ ತಯಾರಾಯಿತಲ್ಲ, ಇನ್ನು ಹೋಗಬಹುದಲ್ಲ ಎಂದರು. ಹೇಗೆ ಹೋಗುವುದು? ಯಂತ್ರ ಕೂಗುತ್ತದೆ, ಎಳೆಯುವುದಿಲ್ಲ. ಅದು ಕೂಗಿದಾಗ ನಾನು ಮೂಡಿಗೆರೆಯಲ್ಲಿದ್ದರೆ ಅದರ ಕೂಗು ಯಾರಿಗೆ?

ಅವರು ಸೂರು ನೋಡುತ್ತಾ ಹೇಳಿದರು, "ನೀನು ಮಾಡಿದ್ದು ಭೂಕಂಪದ ಮಿಷನ್ ಅಲ್ಲ ಮಾರಾಯ್ತಿ. ನಿನ್ನ ಕೊರಳಿಗೊಂದು ಗಂಟೆ ಕಟ್ಕೊಂಡಿದ್ದಿ."

ನಿಜ. ಅದಕ್ಕೇ ಅಷ್ಟು ಉರಿಯಿತು. ಯಂತ್ರ ಇಲ್ಲದಾಗ ದಿನಸಿ, ಸೊಸೈಟಿ ಎಂದು ದೇವರ ಮೇಲೆ ಭಾರ ಹಾಕಿ ಹೋಗುತ್ತಿದ್ದೆ. ಈಗ ಬಜರ್ ಕೇಳುವಷ್ಟು ದೂರವೇ ನನ್ನ ಲೋಕ. ಕಳಸದಲ್ಲಿ ಅಕ್ಕನ ಮನೆಯ ಗೃಹಪ್ರವೇಶ ಬಿಟ್ಟೆ. ಹೊರನಾಡಿಗೆ ಹೊತ್ತ ಹರಕೆ ಹಾಗೇ ಉಳಿಯಿತು. ಕೆಳಗಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುವಾಗಲೂ ಒಂದು ಕಿವಿ ಮನೆಯ ಕಡೆ. ಒಗೆದದ್ದನ್ನೇ ಒಗೆದು, ಹಿಂಡಿದ್ದನ್ನೇ ಹಿಂಡಿ ಎದ್ದು ಬಂದದ್ದುಂಟು. ಮನುಷ್ಯರನ್ನು ಕಟ್ಟಿಹಾಕಲು ಸರಪಳಿಯೇ ಬೇಕೆಂದಿಲ್ಲ.

ಮೊದಲ ಸಲ ಅದು ಎಲ್ಲ ಮನೆಗಳಲ್ಲೂ ಒಟ್ಟಿಗೆ ಕೂಗಿದ್ದು ಸುಳ್ಳಿಗೆ. ಕೆಳಗಿನ ತಿರುವಿನಲ್ಲಿ ರಸ್ತೆಗೆ ಬಿದ್ದ ಮಣ್ಣು ತೆಗೆಯಲು ಬಂದ ಜೆಸಿಬಿ ಒಂದು ಬಂಡೆಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಎರಡೂ ಡಬ್ಬಿಗಳು ಸಾಕ್ಷಿ ಹೇಳಿಬಿಟ್ಟವು. ನಾನು ಇವರನ್ನು ಕಂಬಳಿಗಿಳಿಸಿ, ಎಳೆಯುತ್ತಾ ಹೊಸ್ತಿಲವರೆಗೆ ಬಂದು ಕೆಳಗೆ ನೋಡಿದರೆ ಲೈನಿನ ಅಂಗಳದಲ್ಲಿ ಒಂದು ನರಪಿಳ್ಳೆ ಇಲ್ಲ. ನಾಲ್ಕು ಮನೆಗಳ ಬಾಗಿಲೂ ಹಾಕಿದ್ದವು. ಹೊರಗೆ ಕೆಲಸ ಮಾಡುತ್ತಿದ್ದವರು ಕೂಗು ಕೇಳಿದ್ದೇ ಒಳಗೆ ಓಡಿ, ಚಿಲಕ ಹಾಕಿ, ಉಸಿರು ಹಿಡಿದು ಕೂತಿದ್ದರು. ಕೂಗು ಎಂದರೆ ಆನೆ. ಇಷ್ಟು ವರ್ಷದಲ್ಲಿ ಕಾಲು ಕಲಿತದ್ದು ಅದೊಂದೇ ಪಾಠ.

ಇಳಿದು ಹೋಗಿ ಚೆನ್ನಾಗಿ ಬೈದೆ. ಭೂಮಿ ನಡುಗಿದರೆ ಹೊರಗೆ, ಆನೆ ಬಂದರೆ ಒಳಗೆ ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ಎಲ್ಲರೂ ನಕ್ಕು ಹೇಳಿದರು. ಮೇಸ್ತ್ರಿಯ ಹೆಂಡತಿ ಮಾತ್ರ ನಗಲಿಲ್ಲ. ಅವಳ ಭಾವನನ್ನು ಆನೆ ತುಳಿದದ್ದು ಮನೆಯ ಅಂಗಳದಲ್ಲೇ.

"ನೀವು ಹೇಳೋದು ತಲೆಗೆ ಹೋಗ್ತದೆ ಅಮ್ಮಾ," ಎಂದಳು. "ಕಾಲಿಗೆ ಹೋಗುದಿಲ್ಲ."

ಮೇಲೆ ಬಂದು ಇವರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗದೆ, ಹಾಗಾದರೆ ಎಲ್ಲರೂ ಒಳಗೆ ಓಡುವವರೇ, ನಿನ್ನನ್ನೂ ಸೇರಿಸಿ ಎಂದರು. ನಾನು ಓಡುವುದು ಬೇರೆ ಕಾರಣಕ್ಕೆ ಎಂದೆ. ಕಾರಣ ಯಾವುದಾದರೇನು, ಸೂರಿನ ಕೆಳಗೆ ಬರುವುದು ಬರುವುದೇ ಎಂದರು.

ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ. ಅಂದು ಬೆಳಗ್ಗೆ ಸಂದೇಶ ಬಂದಿತ್ತು, ಒಂಟಿ ಸಲಗ ನಮ್ಮ ಎಸ್ಟೇಟಿನ ಕೆಳಗಿನ ಹಳ್ಳದಲ್ಲಿದೆ ಎಂದು. ಹಿಂದಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ಮುಂದಿನ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಲೈನಿನ ನಲ್ಲಿಗೆ ಹೋದೆ. ಎಷ್ಟೋ ದಿನದ ಮೇಲೆ ಬಿಸಿಲು. ಕಂಬಳಿ, ಹಾಸಿಗೆ ಬಟ್ಟೆ ಎಲ್ಲ ರಾಶಿ ಬಿದ್ದಿದ್ದವು. ಮೇಸ್ತ್ರಿಯ ಹೆಂಡತಿ, ಇನ್ನಿಬ್ಬರು ಕೊಡ ಹಿಡಿದು ನಿಂತಿದ್ದರು. ಹಳ್ಳದ ಕಡೆ ಬಿದಿರು ಮುರಿದ ಸದ್ದು ಕೇಳಿತೆಂದು ಮಾತಾಡುತ್ತಿದ್ದರು.

ಬಜರ್ ಕೂಗಿತು. ಐದೂ ಮನೆಗಳಲ್ಲಿ ಒಟ್ಟಿಗೆ. ಕಾಲ ಕೆಳಗೆ ಗುಡುಗಿದ ಹಾಗಾಯಿತು. ನಲ್ಲಿಯ ಬುಡದ ಬಕೆಟ್ಟಿನಲ್ಲಿ ನೀರು ನಡುಗಿದ್ದನ್ನು ನೋಡಿದೆ. ನಾನು 'ಹೊರಗಿರಿ, ಇದು ಭೂಮಿ' ಎಂದು ಕೂಗುವಷ್ಟರಲ್ಲಿ ಕೊಡಗಳು ನೆಲದಲ್ಲಿ ಉರುಳಿ, ಹೆಂಗಸರು ಒಳಗೆ ಹೋಗಿ, ನಾಲ್ಕೂ ಚಿಲಕ ಬಿದ್ದವು. ಅವರನ್ನು ಎಳೆದು ತರುವಷ್ಟು ಹೊತ್ತು ನನಗೆಲ್ಲಿತ್ತು? ಮೆಟ್ಟಿಲು ಹತ್ತಿ ಓಡಿದೆ. ಒದ್ದೆ ಸೀರೆ ಕಾಲಿಗೆ ಸುತ್ತಿ ಒಂದು ಸಲ ಬಿದ್ದೆ, ಎದ್ದೆ.

ಬಾಗಿಲು ತಳ್ಳಿದೆ. ತೆರೆಯಲಿಲ್ಲ.

ನಡುಕಕ್ಕೆ ಚೌಕಟ್ಟು ಬಾಗಿ ಬಾಗಿಲು ಸಿಕ್ಕಿಕೊಂಡಿತು ಎಂದುಕೊಂಡೆ. ಭುಜ ಕೊಟ್ಟು ದೂಡಿದೆ. ಬೆರಳು ತೂರುವಷ್ಟು ಹೋಗಿ ಮತ್ತೆ ಮುಚ್ಚಿತು. ಆಗಲೇ ಎರಡನೆಯದು ಬಂತು, ಮೊದಲಿನದಕ್ಕಿಂತ ಜೋರಾಗಿ. ಮಾಡಿನ ಹೆಂಚುಗಳು ಕಟಕಟ ಎಂದವು, ಒಂದೆರಡು ಜಾರಿ ನನ್ನ ಹಿಂದೆ ಅಂಗಳದಲ್ಲಿ ಒಡೆದವು. ಮನೆಯ ಹಿಂದೆ ಧರೆಯಿಂದ ಮಣ್ಣು ಸುರಿಯುವ ಸದ್ದು. ನಾನು ಬಾಗಿಲಿಗೆ ಎರಡೂ ಕೈಯಲ್ಲಿ ಬಡಿದೆ.

ಬಾಗಿಲಿನ ಆಚೆ, ನೆಲದ ಮಟ್ಟದಿಂದ, ಅವರ ದನಿ ಬಂತು. "ಅಂಗಳಕ್ಕೆ ಹೋಗು."

ಪಕ್ಕದ ಕಿಟಕಿಗೆ ಓಡಿ ಸರಳು ಹಿಡಿದು ಬಗ್ಗಿ ನೋಡಿದೆ. ಮಂಚ ಖಾಲಿ. ಹೊದಿಕೆ ಅರ್ಧ ದೂರದವರೆಗೆ ನೆಲದಲ್ಲಿ ಎಳೆದುಕೊಂಡು ಬಂದಿತ್ತು. ಅವರು ನೆಲದಲ್ಲಿ ಕೂತು, ಬೆನ್ನನ್ನು ಬಾಗಿಲಿಗೆ ಕೊಟ್ಟು, ಎರಡೂ ಅಂಗೈ ನೆಲಕ್ಕೆ ಒತ್ತಿ ಹಿಡಿದಿದ್ದರು. ಕಾಲುಗಳು ಮುಂದೆ ಚಾಚಿಕೊಂಡು ಯಾರದೋ ಕಾಲುಗಳ ಹಾಗೆ ಬಿದ್ದಿದ್ದವು. ಮಂಚದಿಂದ ಇಳಿಯಲಾರೆ ಎಂದು ಇಷ್ಟು ತಿಂಗಳು ಗೋಡೆ ನೋಡುತ್ತಿದ್ದ ಮನುಷ್ಯ. ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಹೊರಗೆ ಬರಲು ಬಂದಿದ್ದಾರೆ, ಸುಸ್ತಾಗಿ ಅಲ್ಲೇ ಒರಗಿದ್ದಾರೆ ಎಂದುಕೊಂಡೆ. ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನಾನು ಬಾಗಿಲು ತೆಗೆದು ಎಳೆದುಕೊಳ್ಳುತ್ತೇನೆ ಎಂದೆ.

ಅವರು ತಲೆ ಎತ್ತಿ ಬಾಗಿಲ ಮೇಲ್ಭಾಗ ನೋಡಿದರು. "ಚಿಲ್ಕ ಹಾಕೋಣಂತ ಬಂದೆ," ಎಂದರು. "ಎಟುಕ್ಲಿಲ್ಲ."

ಅರ್ಥವಾಗಲು ನನಗೆ ಹೊತ್ತು ಬೇಕಾಯಿತು. ಅವರು ಹೊರಗೆ ಬರಲು ಇಳಿದದ್ದಲ್ಲ. ನಾನು ಒಳಗೆ ಬಾರದ ಹಾಗೆ ಮಾಡಲು ಇಳಿದದ್ದು. ನಾನು ಓಡಿ ಬರುತ್ತೇನೆ ಎಂದು ಗೊತ್ತಿತ್ತು. ಚಿಲಕ ಸಿಗಲಿಲ್ಲ, ಬೆನ್ನು ಕೊಟ್ಟರು.

ನಾನು ಮಾಡಿದ ಯಂತ್ರ, ನಾನು ಎಳೆದ ತಂತಿ, ನಾನು ಸಂಪಾದಿಸಿದ ಸಮಯ. ಅದರಲ್ಲಿ ಅವರು ಇದನ್ನು ಮಾಡಿದರು. ನನಗೆ ದುಃಖ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಕಿಟಕಿಯ ಸರಳು ಅಡ್ಡ ಇಲ್ಲದಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದೇ ಬಿಡುತ್ತಿದ್ದೆನೋ ಏನೋ.

ಹಿಂದಿನ ಬಾಗಿಲಿಗೆ ನಾನೇ ಅಗಳಿ ಹಾಕಿದ್ದೆ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಲೈನಿನವರನ್ನು ಹೆಸರು ಹಿಡಿದು ಕೂಗಿದೆ. ಯಾರೂ ಓಗೊಡಲಿಲ್ಲ. ಕೂಗಿದಷ್ಟೂ ಆನೆ ನನ್ನ ಮನೆಯ ಅಂಗಳದಲ್ಲೇ ಇದೆ ಎಂದು ಅವರಿಗೆ ಖಾತ್ರಿಯಾಗಿರಬೇಕು. ಬಜರ್ ಕೂಗುತ್ತಲೇ ಇತ್ತು. ನಿಲ್ಲಿಸುವ ಗುಂಡಿ ಒಳಗೆ, ಅವರಿಗೂ ಎಟುಕದ ಎತ್ತರದಲ್ಲಿ.

ಮೂರನೆಯದು ಬರಲಿಲ್ಲ. ಧರೆಯ ಮಣ್ಣು ಸುರಿಯುವುದೂ ನಿಂತಿತು. ನಿಂತಿತು ಎಂದು ಹೇಳಿದೆ, ಇನ್ನು ಬಾಗಿಲು ಬಿಡಿ ಎಂದೆ. ಮತ್ತೆ ಬರಬಹುದು, ನೀನು ಅಂಗಳದ ಆಚೆ ತುದಿಗೆ ಹೋಗು ಎಂದರು. ಬೇಡಿಕೊಂಡೆ. ಬಾಗಿಲು ಅಲುಗಲಿಲ್ಲ. ಬೈದೆ. ಅದಕ್ಕೂ ಇಲ್ಲ. ಅವರು ಆಳುಗಳ ಹತ್ತಿರ ಹಟ ಹಿಡಿದರೆ ಹೀಗೇ ಇರುತ್ತಿದ್ದರು. ಏಣಿ ಹತ್ತಿದ್ದೂ ಈ ಹಟಕ್ಕೇ.

ಕೊನೆಗೆ ನಾನು ಹೊಸ್ತಿಲಿನ ಮೇಲೆ ಕೂತೆ, ಅದೇ ಬಾಗಿಲಿಗೆ ಬೆನ್ನು ಕೊಟ್ಟು. ನನ್ನ ಬೆನ್ನಿಗೂ ಅವರ ಬೆನ್ನಿಗೂ ನಡುವೆ ಒಂದು ಹಲಗೆ.

"ಸರಿ," ಎಂದೆ. "ನಾನೂ ಇಲ್ಲೇ ಕೂರ್ತೇನೆ. ಧರೆ ಜರಿದ್ರೆ ನಿಮ್ಮ ಜೊತೆ ನನ್ ಮೇಲೂ ಬೀಳ್ಲಿ. ಅದು ಬೀಳ್ದಿದ್ರೆ ಸಂಜೆ ಆಗ್ತದೆ. ಹಳ್ಳದಲ್ಲಿರೋನು ಮೇಲೆ ಬರ್ತಾನೆ. ನಾನು ಏಳೋದಿಲ್ಲ."

ನಾನು ಬೆದರಿಸಲು ಹೇಳಿದ್ದಲ್ಲ. ನಿಜವಾಗಿ ಏಳುತ್ತಿರಲಿಲ್ಲ. ದಣಿವಾಗಿತ್ತು. ಅವರನ್ನು ಎತ್ತಿ ಇಳಿಸಿ, ಕಿವಿಗೊಟ್ಟು, ಹೆದರಿ, ಎಷ್ಟು ದಿನ ಆಯಿತೋ ಅಷ್ಟೂ ದಿನದ ದಣಿವು. ಅಲ್ಲಿ ಕೂತು ಅತ್ತೆ. ಅವರಿಗೆ ಕೇಳಲಿ ಎಂದೇ ಜೋರಾಗಿ ಅತ್ತೆ.

ಬಹಳ ಹೊತ್ತಿನ ಮೇಲೆ ಒಳಗೆ ಬಟ್ಟೆ ನೆಲಕ್ಕೆ ಉಜ್ಜಿದ ಸದ್ದು. ನಿಂತಿತು. ಏದುಸಿರು. ಮತ್ತೆ ಉಜ್ಜಿದ ಸದ್ದು. ಬೆನ್ನ ಹಿಂದೆ ಬಾಗಿಲು ಸಡಿಲವಾಯಿತು. ಎದ್ದು ನೋಡಿದೆ. ನಾನು ಅಡ್ಡವಾಗಿ ನುಸುಳಬಹುದಾದಷ್ಟು ಸಂದಿ. ಆ ಸಂದಿಯಲ್ಲಿ ಅವರ ಮುಖ, ಬೆವರಿ ತೊಯ್ದದ್ದು.

"ಬಾ," ಎಂದರು. "ಬಂದು ಆ ದರಿದ್ರದ್ದನ್ನ ನಿಲ್ಸು."

ಕಾಲು ಮುಂದಿಟ್ಟವಳು ತಡೆದುಕೊಂಡೆ. ಒಳಗೆ ಹೋದರೆ ಏನಾಗುತ್ತದೆ ಎಂದು ಗೊತ್ತಿತ್ತು. ತೋಳಿನಡಿ ಕೈ ಹಾಕಿ ಎತ್ತುತ್ತೇನೆ, ಮಂಚಕ್ಕೆ ಹಾಕುತ್ತೇನೆ, ಅವರು ಗೋಡೆಯ ಕಡೆ ತಿರುಗುತ್ತಾರೆ, ನಾಳೆಯಿಂದ ಮತ್ತೆ ನನ್ನ ಒಂದು ಕಿವಿ ಮನೆಯ ಕಡೆ.

"ನಾನು ಬರೋವಷ್ಟು ಸಾಲ್ದು," ಎಂದೆ. "ನೀವು ಹೊರಗೆ ಬರೋವಷ್ಟು ತೆಗೀರಿ."

ಅವರು ನನ್ನನ್ನೇ ನೋಡಿದರು. ನಾನು ಮೆಟ್ಟಿಲಿಳಿದು ಅಂಗಳದಲ್ಲಿ, ಒಡೆದ ಹೆಂಚಿನ ಆಚೆ ನಿಂತೆ. ಕೆಳಗೆ ಲೈನಿನಲ್ಲಿ ಒಂದು ಬಾಗಿಲು ಸ್ವಲ್ಪ ತೆರೆದು, ಮೇಸ್ತ್ರಿಯ ಹೆಂಡತಿ ಇಣುಕಿ ಮೇಲೆ ನೋಡುತ್ತಿದ್ದಳು. ಅವರಿಗೂ ಅವಳು ಕಂಡಿರಬೇಕು. ಬಾಗಿಲನ್ನು ಪೂರ್ತಿ ಒಳಕ್ಕೆ ಎಳೆದು ತೆರೆದರು. ಅಂಗೈ ಊರಿ, ಸೊಂಟ ಎಳೆದು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಹೊಸ್ತಿಲಿನ ಈಚೆ ಇಟ್ಟರು. ನನಗೆ ನೋಡಲಾಗಲಿಲ್ಲ. ಹಿಡಿಯಲು ಓಡಿ ಬಗ್ಗಿದೆ.

"ಮುಟ್ಬೇಡ," ಎಂದರು.

ನಾನು ಮುಟ್ಟಲಿಲ್ಲ.